ವಿಮಲಾ ಆಂಟಿಯ ಲವಂಗ

ವಿಮಲಾ ಆಂಟಿ ಮಾತಾಡುವ ಮೊದಲು ಅವರ ಲವಂಗ ಮಾತಾಡುತ್ತಿತ್ತು. ಸದಾ ಬಾಯಲ್ಲಿರುತ್ತಿದ್ದ ಅದನ್ನು ನಾಲಿಗೆಯಿಂದ ಕಟ್ಟಿಸಿದ ಹಲ್ಲಿಗೆ ತಾಕಿಸಿ ‘ಟಿಕ್’ ಎನ್ನಿಸಿ, ಆಮೇಲೆ ಮಾತು. ಆಸ್ಟ್ರೇಲಿಯಾದ ಪರ್ತ್ ಕನ್ನಡಿಗರಲ್ಲಿ ನಾನು ಅಣಕಿಸದವರಿಲ್ಲ. ಕೇಳಿದವರಿಗೆ ನನ್ನ ಗೊರಕೆಯನ್ನೂ ನಾನೇ ಮಾಡಿ ತೋರಿಸುತ್ತೇನೆ. ಆಂಟಿಯ ಮೈಸೂರು ಮಾತಿನ ಎಳೆತ, ಡಾಕ್ಟರ್ ಗತ್ತು, ಎಲ್ಲ ಒಂದೇ ವಾರದಲ್ಲಿ ಬಂತು. ಆ ‘ಟಿಕ್’ ಮಾತ್ರ ಬರಲೇ ಇಲ್ಲ.

ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಅವರೊಂದು ನಾಟಕ ಬರೆದರು. ಇಬ್ಬರು ಲೇಖಕಿಯರು, ಒಬ್ಬಳು ಬಿಳಿಯಳು, ಇನ್ನೊಬ್ಬಳು ಈ ನೆಲದ ಮೂಲನಿವಾಸಿ. ಇಬ್ಬರೂ ಒಂದೇ ಮೇಜಿಗೆ ಕೂತರೆ ಊರೇ ಸಿಡುಕುತ್ತಿದ್ದ ಕಾಲದ ಗೆಳೆತನ. ಪಿಯಾರಾ ವಾಟರ್ಸ್ ಬಡಾವಣೆಯ ಅವರ ಗ್ಯಾರೇಜಿನಲ್ಲೇ ತಾಲೀಮು. ಹಲ್ಲಿನ ಡಾಕ್ಟರ್ ರೇಖಾ ಬಿಳಿಯಳಾದಳು. ಇನ್ನೊಬ್ಬಳು ಯಾರು ಎಂದಾಗ, “ನನಗೇ ಒಂಚೂರು ಮಸಿ ಬಳೀರಿ” ಎಂದೆ.

ಟಿಕ್. “ಮಸಿ ಬಳ್ಕೊಂಡ್ರೆ ಅವಳಾಗ್ಬಿಡ್ತೀಯೇನೋ, ಕೋತಿ? ಅವಳ ಕುರ್ಚಿ ಖಾಲಿ ಇರ್ಲಿ. ದನಿ ಮಾತ್ರ ಬಾಗಿಲಾಚೆಯಿಂದ ಬರ್ಲಿ.”

ದನಿ ಆಂಟಿಯದೇ. ಕೊನೆಯಲ್ಲಿ ಬಾಗಿಲಾಚೆಯಿಂದ “ಒಳಗೆ ಬರ್ಲಾ?” ಎಂಬ ಪ್ರಶ್ನೆ. ರೇಖಾ ಉತ್ತರ ಕೊಡದೆ ನಿಂತಿರುವಾಗಲೇ ದೀಪ ಆರುತ್ತಿತ್ತು.

“ಆಂಟಿ, ಒಂದು ‘ಬಾ’ ಅಂತಾದ್ರೂ ಹೇಳೋಕೆ ಬಿಡಿ,” ಎಂದು ರೇಖಾ ಗೋಗರೆದಳು.

“ಇನ್ನೂ ಹೊಳೆದಿಲ್ಲ ಕಣಮ್ಮ.”

ಒಂದು ಸಂಜೆ ತಮಾಷೆಗೆಂದು ಆ ಖಾಲಿ ಕುರ್ಚಿಯಲ್ಲಿ ಕೂತೆ. ಯಾರೋ ಈಗಷ್ಟೇ ಎದ್ದು ಹೋದ ಹಾಗೆ ಬೆಚ್ಚಗಿತ್ತು. ಬಿಸಿಲು ಬಿದ್ದಿರಬೇಕೆಂದುಕೊಂಡೆ. ಗ್ಯಾರೇಜಿಗೆ ಕಿಟಕಿಯೇ ಇರಲಿಲ್ಲ.

ಪರ್ತ್ ಪ್ರದರ್ಶನ ಚೆನ್ನಾಗಿಯೇ ಆಯಿತು. ಅಡಿಲೇಡ್ ಪ್ರದರ್ಶನದ ದಿನ ಬೆಳಗ್ಗೆ ಆಂಟಿ, ನಾನು ಇಬ್ಬರೇ ಗ್ಲೆನೆಲ್ಗ್ ಕಡಲತೀರಕ್ಕೆ ಹೊರಟೆವು. ಟ್ರಾಮಿನಲ್ಲಿ ಅವರನ್ನೇ ಅಣಕಿಸಿದೆ. ಕಣ್ಣು ಮುಚ್ಚಿ ಕೇಳಿ, “ಎಲ್ಲಾ ಸರಿ, ಲವಂಗ ಎಲ್ಲೋ?” ಎಂದು ನಕ್ಕರು. ಕಡಲೊಳಗೆ ಚಾಚಿದ ಜೆಟ್ಟಿಯ ತುದಿಗೆ ಬಂದಾಗ ಆ ನಗು ಇರಲಿಲ್ಲ.

“ರತ್ನಿ ಅಂತ ಇದ್ಲು ಕಣೋ. ಸ್ಕೂಲಿನ ಕೈಬರಹದ ಪತ್ರಿಕೆಗೆ ನಾನೂ ಅವಳೂ ಸೇರಿ ಕಥೆ ಬರೀತಿದ್ವಿ. ಅವಳ ಜಾತಿಯೋರು ನಮ್ಮನೆ ಒಳಗೆ ಬರೋ ಹಾಗಿರ್ಲಿಲ್ಲ. ಒಂದಿನ ಹೊಸ ಕಥೆ ತಂದು, ಹೊಸ್ತಿಲಾಚೆ ನಿಂತು, ‘ಒಳಗೆ ಬರ್ಲಾ?’ ಅಂದ್ಲು. ನನ್ನ ಹಿಂದೆ ಅಜ್ಜಿ. ನಾನು ಬಾಯೇ ಬಿಡ್ಲಿಲ್ಲ.” ಟಿಕ್. “ಆಮೇಲೆ ಅವಳು ಕಥೆ ಬರೆಯೋದೇ ಬಿಟ್ಬಿಟ್ಲು. ನೀನು ಬಾಯಿಬಡುಕ, ಯಾರಿಗೂ ಹೇಳ್ಬೇಡ. ಮುಂದಿನ ಬ್ರಿಸ್ಬೇನ್ ಶೋಗೆ ಮಾತ್ರ ಉತ್ತರ ತಂದೇ ತರ್ತೀನಿ.”

ಜನ್ಮದಲ್ಲಿ ಮೊದಲ ಸಲ ಒಂದು ಗುಟ್ಟು ನನ್ನ ಹೊಟ್ಟೆಯಲ್ಲಿ ಉಳಿಯಿತು.

ಬ್ರಿಸ್ಬೇನ್‌ಗೆ ಹತ್ತು ದಿನವಿರುವಾಗ ಆಂಟಿ ನಿದ್ದೆಯಲ್ಲೇ ಹೋಗಿಬಿಟ್ಟರು. ಅವರ ನಾಟಕದ ಪ್ರತಿಯ ಕೊನೆಯ ಪುಟ ತೆರೆದು ನೋಡಿದೆವು. ಪ್ರಶ್ನೆಯ ಕೆಳಗೆ ಬರೀ ಬಿಳಿ ಹಾಳೆ.

“ನೀನೇ ಮಾಡೋ, ಆಂಟಿ ದನೀಲೇ,” ಎಂದಳು ರೇಖಾ.

ಬ್ರಿಸ್ಬೇನಿನ ಆ ಮಧ್ಯಾಹ್ನ ಬಾಗಿಲಾಚೆ ನಿಂತು ನಾನೇ ಮಾತಾಡಿದೆ. ಕೊನೆಗೆ “ಒಳಗೆ ಬರ್ಲಾ?” ಎಂದು ಕೇಳಿ, ತುಟಿ ಬಿಗಿದುಕೊಂಡು, ದೀಪ ಆರುವುದನ್ನೇ ಕಾದೆ. ದೀಪ ಆರಲಿಲ್ಲ.

ಟಿಕ್.

“ಬಾ ರತ್ನಿ. ಒಳಗೆ ಬಾ.”

ಆಮೇಲೆ ದೀಪ ಆರಿತು. ಚಪ್ಪಾಳೆ.

ಪರದೆಯ ಹಿಂದೆ ರೇಖಾ ಓಡಿ ಬಂದು ನನ್ನ ಬೆನ್ನಿಗೊಂದು ಗುದ್ದಿದಳು. “ಕಳ್ಳ! ಕೊನೆಗೂ ಲವಂಗದ ಸದ್ದು ಕಲ್ತ್‌ಬಿಟ್ಯಲ್ಲೋ!”

ನಾನು ಹಲ್ಕಿರಿದೆ. ಮಾಡದ ಕೆಲಸಕ್ಕೆ ಸಿಕ್ಕ ಹೊಗಳಿಕೆಯನ್ನು ನಾನು ಯಾವತ್ತೂ ಹಿಂದಿರುಗಿಸಿದವನಲ್ಲ.

“ಅದ್ಸರಿ,” ಎಂದಳು ಅವಳು, “ರತ್ನಿ ಯಾರು?”

ಈಗಲೂ ಪ್ರತಿ ಬಾರ್ಬೆಕ್ಯೂ ಕೂಟದಲ್ಲಿ “ವಿಮಲಾ ಆಂಟಿ ಮಾಡೋ” ಎಂದು ಯಾರಾದರೂ ಕಾಡುತ್ತಾರೆ. ಗಂಟಲು ಕೆಟ್ಟಿದೆ ಎನ್ನುತ್ತೇನೆ. ಶುರು ಮಾಡಿದರೆ ಆ ‘ಟಿಕ್’ ಇರಬೇಕಾದ ಕಡೆ ಒಂದು ಕ್ಷಣ ನಿಲ್ಲಲೇಬೇಕಲ್ಲ. ಅಲ್ಲಿ ನಿಲ್ಲಲು ನನಗೆ ಧೈರ್ಯವಿಲ್ಲ.