ಹೆಪ್ಪುಗಟ್ಟದ ಹಾಲು

ನಮ್ಮ ಮನೆಯಲ್ಲಿ ಮೊಸರು ಆಗದೆ ಹೋದದ್ದಕ್ಕೆ ಮೊದಲು ಬೈಸಿಕೊಂಡವಳು ನಾನು. ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದರೆ ಹಿಂದಿನ ದಿನ ಸಂಜೆ ಹೆಪ್ಪು ಹಾಕಿದ ಹಾಲು ನೀರುನೀರಾಗಿ ಹಾಗೇ ಇತ್ತು. ಒಡೆದಿರಲಿಲ್ಲ, ಹುಳಿ ವಾಸನೆಯೂ ಇರಲಿಲ್ಲ. ಅತ್ತೆ ಅದರೊಳಗೆ ಬೆರಳು ಅದ್ದಿ ನೋಡಿ, ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ನಿನ್ ಕೈಗುಣ ಸರಿಗಿಲ್ಲ ಕಣಮ್ಮಿ," ಎಂದರು. "ನಮ್ಮತ್ತೆ ಕಾಲ್ದಿಂದ ಈ ಮನೇಲಿ ಮೊಸ್ರು ಕೆಟ್ಟಿದ್ದಿಲ್ಲ."

ಮಾರನೆಯ ದಿನ ಅವರೇ ಹೆಪ್ಪು ಹಾಕಿದರು. ಆಗಲೂ ಆಗಲಿಲ್ಲ. ಆಗ ಅವರಿಗೆ ಸಿಕ್ಕ ಕಾರಣ, ಪಾತ್ರೆ ತೊಳೆದವಳು ನಾನು ಎಂಬುದು. ಸಂಜೆ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರಿಗೆಲ್ಲ ಈ ಸುದ್ದಿ ಹೇಳಿ ಬಂದರು. ಕಾರ್ಖಾನೆಯಿಂದ ಬಂದು ಬಸ್ ಇಳಿದು ನಡೆಯುವಾಗ ಒಬ್ಬಳು ನನ್ನ ಕೈಗಳನ್ನೇ ನೋಡಿದಳು.

ನಮ್ಮೂರು ಗಡಿಯಾಚೆ ತಮಿಳುನಾಡಿನಲ್ಲಿ, ರಾಯಕೋಟೆಯಿಂದ ಹೊಸೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಒಂದೇ ಮನೆ, ಎರಡು ಪಾಲು. ಒಂದರಲ್ಲಿ ನನ್ನ ಗಂಡ, ನಾನು, ಅತ್ತೆ. ಇನ್ನೊಂದರಲ್ಲಿ ಗಂಡನ ಅಣ್ಣ, ಅಂದರೆ ನನ್ನ ಭಾವ, ಮತ್ತು ಅವರ ಹೆಂಡತಿ. ನಡುವೆ ಅಂಗಳ, ಅಂಗಳದ ಹಿಂದೆ ಕೊಟ್ಟಿಗೆ. ಹಸುಗಳೆಲ್ಲ ಭಾವನವು, ಸೀಮೆಹಸುಗಳು. ನನ್ನ ಗಂಡನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ನನಗೆ ಕೃಷ್ಣಗಿರಿ ಹತ್ತಿರದ ಮಾವಿನ ತಿರುಳಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಕಾಲೇಜಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಓದಿದ್ದೆ. ತಿರುಳಿನ ಹನಿಯನ್ನು ಗಾಜಿನ ತಟ್ಟೆಯ ಮೇಲೆ ಹಾಕಿ, ಬೆಚ್ಚಗಿಟ್ಟು, ಏನಾದರೂ ಬೆಳೆಯಿತೇ ಎಂದು ನೋಡುವುದು ನನ್ನ ಕೆಲಸ. ಏನೂ ಬೆಳೆಯದಿದ್ದರೆ ಅಲ್ಲಿ ಎಲ್ಲರಿಗೂ ಸಂತೋಷ. ಮನೆಯಲ್ಲಿ ಮಾತ್ರ ಏನೂ ಬೆಳೆಯದ ಪಾತ್ರೆಯೊಂದು ನನ್ನ ಮಾನ ಕಳೆಯುತ್ತಿತ್ತು.

ಕಾರಣ ತಿಳಿದದ್ದು ಒಂದು ಭಾನುವಾರ ಬೆಳಿಗ್ಗೆ. ಸಗಣಿ ತರಲು ಕೊಟ್ಟಿಗೆಗೆ ಹೋಗಿದ್ದೆ. ಭಾವ ಒಂದು ಹಸುವಿನ ತೊಡೆಗೆ ತಾವೇ ಇಂಜೆಕ್ಷನ್ ಚುಚ್ಚುತ್ತಿದ್ದರು. ಗೋಡೆ ಮೂಲೆಯಲ್ಲಿ ಔಷಧಿಯ ಖಾಲಿ ಬುಡ್ಡಿಗಳು ಬಿದ್ದಿದ್ದವು. ಹಸುವಿನ ಕೆಚ್ಚಲು ಒಂದು ಕಡೆ ಊದಿ ಕೆಂಪಾಗಿತ್ತು.

"ಕೆಚ್ಚಲು ಬಾವು ಬಂದಿದ್ಯಾ, ಭಾವ?"

"ಊಂ."

"ದನದ ಡಾಕ್ಟ್ರು ಬಂದಿದ್ರಾ?"

"ಅವ್ರ್ ಬರೋ ಹೊತ್ಗೆ ಹಸ ಬತ್ತೋಗ್ತದೆ. ಮೆಡಿಕಲ್ಲಾಗೆ ಕೇಳಿದ್ರೆ ಕೊಡ್ತಾರೆ."

ಬುಡ್ಡಿ ಎತ್ತಿ ಓದಿದೆ. ಆ್ಯಂಟಿಬಯಾಟಿಕ್. ಚುಚ್ಚಿದ ಮೇಲೆ ಇಂತಿಷ್ಟು ದಿನ ಆ ಹಸುವಿನ ಹಾಲನ್ನು ಜನ ಕುಡಿಯಬಾರದು ಎಂದು ಅದರ ಮೇಲೇ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಆ ಹಸುವಿನ ಹಾಲು ಉಳಿದ ಹಸುಗಳ ಹಾಲಿನ ಜೊತೆ ಬೆರೆತು ಅರ್ಧ ನಮ್ಮ ಅಡುಗೆಮನೆಗೆ, ಅರ್ಧ ಡೇರಿಗೆ ಹೋಗುತ್ತಿತ್ತು. ಹಾಲನ್ನು ಮೊಸರು ಮಾಡುವುದು ಕೈಗುಣವಲ್ಲ, ಬ್ಯಾಕ್ಟೀರಿಯಾ. ಹಸುವಿನ ಕೆಚ್ಚಲಿನ ರೋಗಾಣುವನ್ನು ಕೊಲ್ಲಲು ಕೊಟ್ಟ ಔಷಧಿ ಹಾಲಿನೊಳಗೆ ಬಂದು ನಮ್ಮ ಹೆಪ್ಪನ್ನೂ ಕೊಂದಿತ್ತು. ಇಂಥ ಔಷಧಿ ಹಾಲು ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ.

ಅವತ್ತೇ ಮೂರು ಲೋಟ ತೆಗೆದುಕೊಂಡೆ. ಒಂದಕ್ಕೆ ಭಾವನ ಹಾಲು, ಒಂದಕ್ಕೆ ಪಕ್ಕದ ಮನೆಯ ಹಾಲು, ಇನ್ನೊಂದಕ್ಕೆ ಅಂಗಡಿಯ ಪ್ಯಾಕೆಟ್ ಹಾಲು. ಮೂರನ್ನೂ ಕಾಯಿಸಿ ಆರಿಸಿ, ಪಕ್ಕದ ಮನೆಯಿಂದ ತಂದ ಮೊಸರಿನಿಂದ ಒಂದೊಂದು ಚಮಚ ಹೆಪ್ಪು ಹಾಕಿದೆ. ಬೆಳಿಗ್ಗೆ ಎರಡು ಲೋಟ ಗಟ್ಟಿ ಮೊಸರು. ಭಾವನ ಹಾಲು ಹಾಲಾಗಿಯೇ ಇತ್ತು. ಮೂರನ್ನೂ ತಟ್ಟೆಯಲ್ಲಿಟ್ಟು ಅಂಗಳದ ಜಗುಲಿಗೆ ತಂದೆ. ಅತ್ತೆ, ಗಂಡ, ಭಾವ, ಅವರ ಹೆಂಡತಿ ಎಲ್ಲರೂ ಇದ್ದರು. ವಿಷಯ ಹೇಳಿದೆ. ನಾನು ಹೇಳಿದ ರೀತಿ ಮೆತ್ತಗಿರಲಿಲ್ಲ. ಅಷ್ಟು ದಿನ ಕೈಗುಣದ ಮಾತು ಕೇಳಿದವಳು ಮೆತ್ತಗೆ ಹೇಳುವುದು ಹೇಗೆ?

ಭಾವ ಲೋಟದ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡಿದರು.

"ಏನಮ್ಮ ಇದು, ನನ್ ಹಾಲ್ಗೆ ಪರೀಕ್ಷೆನಾ?"

"ಪರೀಕ್ಷೆ ಅಲ್ಲ ಭಾವ. ಚುಚ್ಚಿದ ಹಸೂದು ಬೇರೆ ಕರೆದು ಚೆಲ್ಲಿಬಿಡಿ. ಡೇರಿಗೂ ಹಾಕ್ಬೇಡಿ."

"ಹಾಲು ಚೆಲ್ಲೋದಾ? ಊರೆಲ್ಲಾ ಚುಚ್ತಾರೆ, ಊರೆಲ್ಲಾ ಕುಡೀತಾರೆ. ಯಾರ್ ಸತ್ರು ಹೇಳು ನೋಡಾನಾ."

"ಕುಡಿದ ತಕ್ಷಣ ಸಾಯೋ ವಿಷ ಅಲ್ಲ ಅದು."

"ಮತ್ತೆ? ನಿಂಗ್ ಮೊಸರಾಗ್ಲಿಲ್ಲ ಅಂತ ನನ್ ಮರ್ಯಾದಿ ಕಳೀತೀಯಾ?" ಎಂದು, ಲೋಟ ಎತ್ತಿ ಆ ಹಾಲನ್ನು ಅಂಗಳಕ್ಕೆ ಎರಚಿದರು. ಅದರ ಹನಿ ನನ್ನ ಸೀರೆಯ ಅಂಚಿಗೂ ಬಿತ್ತು. ತಮ್ಮನ ಕಡೆ ತಿರುಗಿ, "ನಿನ್ ಹೆಂಡ್ತಿನ ಅಂಕೆಲಿಟ್ಕೊಳ್ಲಾ," ಎಂದು ಕೊಟ್ಟಿಗೆಗೆ ನಡೆದರು.

ನನ್ನ ಗಂಡ ಆ ಹೊತ್ತಿನಲ್ಲಿ ಮಾಡಿದ್ದೆಂದರೆ ಫ್ಯಾಕ್ಟರಿಯ ಬೂಟಿನ ಲೇಸು ಕಟ್ಟಿಕೊಂಡದ್ದು.

ಅಂದಿನಿಂದ ನಾನು ಭಾವನ ಹಾಲು ನಿಲ್ಲಿಸಿದೆ. ಮನೆಯಲ್ಲಿ ಹಸು ಇಟ್ಟುಕೊಂಡು ಅಂಗಡಿಯಿಂದ ಪ್ಯಾಕೆಟ್ ತರುವುದು ನಮ್ಮೂರಲ್ಲಿ ಮುಖಕ್ಕೆ ಉಗಿದಂತೆ. ಅದು ತಿಳಿದೇ ತಂದೆ, ಕೈಯಲ್ಲಿ ಕಾಣುವಂತೆ ಹಿಡಿದುಕೊಂಡು ತಂದೆ. ಅತ್ತೆ ಆ ಹಾಲಿನ ಕಾಫಿ ಮುಟ್ಟಲಿಲ್ಲ. ಬೆಳಿಗ್ಗೆ ಲೋಟ ಹಿಡಿದುಕೊಂಡು ದೊಡ್ಡ ಮಗನ ಬಾಗಿಲಿಗೆ ಹೋಗಿ ಅಲ್ಲೇ ಕುಡಿದು ಬರುತ್ತಿದ್ದರು. ಮರುವಾರ ಭಾವ ತಿಪ್ಪೆಯನ್ನು ನನ್ನ ಅಡುಗೆಮನೆಯ ಕಿಟಕಿಯ ಕೆಳಕ್ಕೆ ತಂದು ಹಾಕಿದರು. ನೊಣದ ಕಾಟಕ್ಕೆ ಕಿಟಕಿ ಮುಚ್ಚಿಯೇ ಅಡುಗೆ ಮಾಡಬೇಕಾಯಿತು. ವಾರಗಿತ್ತಿ ನನ್ನೊಡನೆ ಕನ್ನಡದಲ್ಲಿ ಮಾತು ಬಿಟ್ಟಳು. ಪಕ್ಕದ ಮನೆಯವಳೊಡನೆ ತೆಲುಗಿನಲ್ಲಿ ನನ್ನ ವಿಷಯ ಆಡುತ್ತಿದ್ದಳು. ನನಗೆ ತೆಲುಗು ಬರುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಆಡುತ್ತಿದ್ದಳು. ನಾನೂ ಸುಮ್ಮನಿರಲಿಲ್ಲ. ಒಂದು ದಿನ ಬಟ್ಟೆ ಒಣಗಿಸುತ್ತ, ಅದೇ ತೆಲುಗಿನಲ್ಲಿ, ಓದು ಬಾರದವರ ಕೊಟ್ಟಿಗೆಯಲ್ಲಿ ಹಸು ಹುಟ್ಟಲೂಬಾರದು ಎಂದೆ. ಅದು ಭಾವನಿಗೆ ಮುಟ್ಟಲಿ ಎಂದೇ ಅಂದದ್ದು. ಮುಟ್ಟಿತು.

ಬಸ್ಸಿನಲ್ಲಿ ಹೋಗಿಬರುವಾಗ ಫೋನಿನಲ್ಲಿ ಈ ವಿಷಯವನ್ನೇ ಓದುತ್ತಿದ್ದೆ. ನಾನು ಕಾಲೇಜಿನಲ್ಲಿದ್ದಾಗ ಕರುಳಿನ ಸೂಕ್ಷ್ಮಜೀವಿಗಳಿಗೆ ಪಾಠದಲ್ಲಿ ಹೆಚ್ಚು ಜಾಗವಿರಲಿಲ್ಲ. ಈಗ ಸಂಶೋಧಕರು ಅದನ್ನೇ ಹಿಡಿದು ಕೂತಿದ್ದಾರೆ. ಆ್ಯಂಟಿಬಯಾಟಿಕ್ ರೋಗಾಣುವಿನ ಜೊತೆಗೆ ಕರುಳಿನಲ್ಲಿ ತಮ್ಮ ಪಾಡಿಗೆ ಬದುಕುವ ಬ್ಯಾಕ್ಟೀರಿಯಾಗಳನ್ನೂ ಅಳಿಸುತ್ತದೆ. ಕೆಲವು ಮತ್ತೆ ಬರುತ್ತವೆ, ಕೆಲವು ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ. ಔಷಧಿಗೆ ಬಗ್ಗದವು ಉಳಿದುಕೊಂಡು ತೆರವಾದ ಜಾಗದಲ್ಲಿ ಹೆಚ್ಚುತ್ತವೆ. ಬಗ್ಗದಿರುವ ಆ ಗುಣವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸಲೂಬಲ್ಲದು. ದನದಿಂದ ಮನುಷ್ಯನಿಗೆ ಇದು ಎಷ್ಟರಮಟ್ಟಿಗೆ ದಾಟುತ್ತದೆ ಎಂಬುದರಲ್ಲಿ ಮಾತ್ರ ಅವರವರಲ್ಲೇ ಒಮ್ಮತವಿಲ್ಲ. ಆ ಕೊನೆಯ ಸಾಲನ್ನು ಓದುವಾಗ ನನಗೆ ಸಿಟ್ಟು ಬರುತ್ತಿತ್ತು. ನನಗೆ ಬೇಕಾಗಿದ್ದದ್ದು ಭಾವನ ಮುಖಕ್ಕೆ ಹಿಡಿಯಬಹುದಾದ ಒಂದು ವಾಕ್ಯ.

ಮಾವಿನ ಸೀಸನ್ ಮುಗಿಯುವ ಹೊತ್ತಿಗೆ ಅತ್ತೆಗೆ ಚಳಿಜ್ವರ ಬಂತು. ಉರಿಮೂತ್ರ, ಸೊಂಟನೋವು. ರಾಯಕೋಟೆಯ ಕ್ಲಿನಿಕ್ಕಿನಲ್ಲಿ ಮಾತ್ರೆ ಕೊಟ್ಟರು. ಇಳಿಯಲಿಲ್ಲ. ಬೇರೆ ಮಾತ್ರೆ ಕೊಟ್ಟರು. ಜ್ವರ ಇನ್ನೂ ಏರಿ, ಅತ್ತೆ ಎಂದೋ ತೀರಿಕೊಂಡ ಮಾವನನ್ನು ಕರೆದು ಮಾತಾಡಲು ಶುರು ಮಾಡಿದರು. ಆಗ ನನ್ನ ಗಂಡ ಮತ್ತು ಭಾವ ಸೇರಿ ಕಾರು ಮಾಡಿಸಿ ಕೃಷ್ಣಗಿರಿಗೆ ಕರೆದುಕೊಂಡು ಹೋದರು. ಹಿಂದಿನ ಸೀಟಿನಲ್ಲಿ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು.

ಆಸ್ಪತ್ರೆಯಲ್ಲಿ ಮೂತ್ರವನ್ನು ಕಲ್ಚರ್‌ಗೆ ಕಳಿಸಿದರು. ರೋಗಾಣುವನ್ನು ಬೆಳೆಸಿ, ಯಾವ ಔಷಧಿಗೆ ಅದು ಸಾಯುತ್ತದೆ ಎಂದು ನೋಡುವ ಪರೀಕ್ಷೆ. ಫಲಿತಾಂಶ ಬಂದ ದಿನ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನನ್ನೂ ಭಾವನನ್ನೂ ವರಾಂಡಕ್ಕೆ ಕರೆದು ತಮಿಳಿನಲ್ಲಿ ಹೇಳಿದಳು. ಸಾಮಾನ್ಯವಾಗಿ ಕೊಡುವ ಔಷಧಿಗಳಲ್ಲಿ ಹೆಚ್ಚಿನವು ಇದಕ್ಕೆ ನಾಟುವುದಿಲ್ಲ. ಉಳಿದದ್ದರಲ್ಲಿ ಒಂದನ್ನು ರಕ್ತನಾಳಕ್ಕೆ ಹಾಕಬೇಕು, ಇಲ್ಲೇ ಇರಬೇಕು, ವಯಸ್ಸಾಗಿದೆ, ಏನೂ ಹೇಳಲಾಗುವುದಿಲ್ಲ.

ನಾನು ಭಾವನ ಎದುರಿಗೇ ಕೇಳಿದೆ. ಹಸುವಿಗೆ ಆ್ಯಂಟಿಬಯಾಟಿಕ್ ಚುಚ್ಚುತ್ತಾರೆ, ಅದೇ ಹಾಲನ್ನು ಇವರು ದಿನಾ ಕುಡಿದಿದ್ದಾರೆ, ಅದರಿಂದ ಹೀಗಾಗಿರಬಹುದೇ?

"ಆಗಿರಬಹುದು, ಆಗದೆಯೂ ಇರಬಹುದು," ಎಂದಳು ಡಾಕ್ಟರು. "ನೆಗಡಿ, ಜ್ವರ ಅಂತ ಅಜ್ಜಿ ಮೆಡಿಕಲ್ ಶಾಪಿನಿಂದ ಮಾತ್ರೆ ತಗೊಂಡು ನುಂಗುತ್ತಿದ್ದರಾ?"

ನುಂಗುತ್ತಿದ್ದರು. ಕೆಂಪು ಕಪ್ಪು ಕ್ಯಾಪ್ಸೂಲು, ಒಂದೋ ಎರಡೋ ನುಂಗಿ, ಜ್ವರ ಬಿಟ್ಟರೆ ಉಳಿದದ್ದನ್ನು ಮುಂದಿನ ಸಲಕ್ಕೆ ಎತ್ತಿಡುತ್ತಿದ್ದರು. ತಂದುಕೊಡುತ್ತಿದ್ದದ್ದು ನನ್ನ ಗಂಡ.

"ಅದೂ ಒಂದು ಕಾರಣ. ಇದೇ ಕಾರಣ ಅಂತ ಒಬ್ಬ ರೋಗಿಯನ್ನು ನೋಡಿ ಯಾರೂ ಹೇಳಲಾರರು," ಎಂದು ಅವಳು ಹೋದಳು.

ಭಾವ ಗೋಡೆಗೆ ಒರಗಿ ನಿಂತಿದ್ದರು. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿತ್ತು. ಆಸ್ಪತ್ರೆಯಲ್ಲಿ ತಾಯಿಯ ಕಾಲ ಬಳಿ ಮಲಗುತ್ತಿದ್ದವರು ಅವರೇ. ಅದನ್ನು ಇಲ್ಲ ಎನ್ನಲಾರೆ.

"ಅಂಗಾದ್ರೆ ನಮ್ಮವ್ವನ್ನ ನಾನೇ ಸಾಯಿಸ್ತಾ ಇವ್ನಿ ಅಂತೀಯಾ?" ಎಂದರು, ತಗ್ಗಿದ ದನಿಯಲ್ಲಿ.

"ನಾನು ಅಂಗನ್ಲಿಲ್ಲ."

"ಅಂದಂಗೇ ಆಯ್ತು. ಊರ್ನೋರ್ ಮುಂದೆ ಬೇರೆ, ಈಗ ಡಾಕ್ಟ್ರಮ್ಮನ್ ಮುಂದೇನೂ."

"ನಿಮ್ಮಿಂದ ಅಲ್ಲ ಅಂತ ನಿಮ್ಗೆ ಅಷ್ಟು ಧೈರ್ಯ ಇದ್ರೆ, ಇನ್ಮೇಲೆ ಆ ಬುಡ್ಡಿ ಮೇಲ್ ಬರ್ದಿರೋದನ್ನ ಓದಿಸ್ಕೊಂಡು ಚುಚ್ಚಿ."

"ಅವ್ವ ಹುಸಾರಾಗ್ಲಿ," ಎಂದರು. "ಆಮೇಲೆ ನಿನ್ ಬಾಗ್ಲು ತುಳಿಯೋನಲ್ಲ ನಾನು."

"ತುಳೀಬೇಡಿ."

ವಾರ್ಡಿನ ಸಿಸ್ಟರ್ ಬಾಗಿಲಿಗೆ ಬಂದು, ಜಗಳವಿದ್ದರೆ ಗೇಟಿನ ಹೊರಗೆ ಆಡಿಕೊಳ್ಳಿ ಎಂದಳು. ಒಳಗೆ ಅತ್ತೆ ಎಚ್ಚರವಾಗಿದ್ದರು. ನನ್ನ ಕಡೆ ಬೆನ್ನು ಮಾಡಿ ಗೋಡೆಗೆ ತಿರುಗಿ ಮಲಗಿದರು.

ಅವರು ಬದುಕಿಕೊಂಡರು. ಕೊನೆಗೆ ಹಾಕಿದ ಔಷಧಿ ನಾಟಿತು. ಆಸ್ಪತ್ರೆಯಿಂದ ಬಂದ ದಿನ ಕಾರಿನಿಂದ ಇಳಿದು, ನನ್ನ ಗಂಡನ ಹೆಗಲು ಹಿಡಿದುಕೊಂಡು ನೇರ ದೊಡ್ಡ ಮಗನ ಪಾಲಿಗೆ ಹೋದರು. ಸಂಜೆ ವಾರಗಿತ್ತಿ ಬಂದು ಅವರ ಸೀರೆಗಳ ಗಂಟನ್ನೂ ಎಲೆಅಡಿಕೆ ಚೀಲವನ್ನೂ ತೆಗೆದುಕೊಂಡು ಹೋದಳು. ಅಷ್ಟು ವರ್ಷ ನನ್ನ ಕೈಯಲ್ಲಿ ಉಂಡವರು ಒಂದು ಮಾತು ಹೇಳಲಿಲ್ಲ. ನನಗೆ ಅಳು ಬರಲಿಲ್ಲ. ಅವರು ಮಲಗುತ್ತಿದ್ದ ಕೋಣೆಯನ್ನು ಗುಡಿಸಿ, ಬಾಗಿಲು ಹಾಕಿದೆ.

ಇದಾಗಿ ಕೆಲವು ತಿಂಗಳಿಗೆ ನಮ್ಮೂರ ಡೇರಿಯ ಹಾಲು ವಾಪಸ್ ಬಂತು. ಊರೂರಿನ ಹಾಲು ಸೇರುವ ದೊಡ್ಡ ಕೇಂದ್ರದಲ್ಲಿ ಔಷಧಿಯ ಅಂಶ ಸಿಕ್ಕಿತಂತೆ, ಒಂದು ಹೊತ್ತಿನ ಹಾಲು ಪೂರ್ತಿ ಮೋರಿಗೆ ಹೋಯಿತು. ಯಾರ ಹಾಲು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಭಾವನ ಕಡೆ ನೋಡಿದರು. ಭಾವ ನನ್ನ ಕಡೆ ನೋಡಿದರು. ನಾನು ಯಾರಿಗೂ ದೂರು ಕೊಟ್ಟಿರಲಿಲ್ಲ. ಗಂಡನೂ ಒಮ್ಮೆ ಕೇಳಿದರು, "ನೀನೇನಾದ್ರೂ ಫೋನ್ ಮಾಡಿದ್ಯಾ?" ಇಲ್ಲ ಎಂದೆ. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ಆ ಹಾಲು ಮೋರಿಯಲ್ಲಿ ಬೆಳ್ಳಗೆ ಹರಿದದ್ದನ್ನು ಬಸ್ ಸ್ಟಾಪಿನಿಂದ ನೋಡಿ ನನಗೆ ಖುಷಿಯಾದದ್ದು ಮಾತ್ರ ನಿಜ.

ಆ ವಾರವೇ ಭಾವ ಅಂಗಳದ ನಡುವೆ ಸಿಮೆಂಟಿನ ಹಾಲೋಬ್ಲಾಕ್ ಗೋಡೆ ಎಬ್ಬಿಸಿದರು, ನನ್ನ ಎದೆಮಟ್ಟಕ್ಕೆ. ಒಂದು ಕಡೆ ನಮ್ಮ ನಲ್ಲಿ, ಇನ್ನೊಂದು ಕಡೆ ಅವರ ಕೊಟ್ಟಿಗೆ. ಅತ್ತೆ ಈಗ ಆ ಕಡೆಯ ಜಗುಲಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾರೆ. ನಾನು ಬಟ್ಟೆ ಹಿಂಡುವಾಗ ಅವರ ತಲೆಯ ಬಿಳಿಕೂದಲಷ್ಟೇ ಕಾಣುತ್ತದೆ.

ಆ ಗೋಡೆಯ ಮೇಲಿಂದ ನಾನು ಭಾವನೊಡನೆ ಮಾತಾಡಿದ್ದು ಒಂದೇ ಸಲ. ಮತ್ತೊಂದು ಹಸುವಿಗೆ ಕೆಚ್ಚಲು ಬಾವು ಬಂದಿತ್ತು. ಈ ಸಲ ಅದರ ಹಾಲನ್ನು ಬೇರೆ ಬಕೆಟ್ಟಿಗೆ ಕರೆದರು. ಡೇರಿಯ ಭಯಕ್ಕೋ ತಾಯಿಗೆ ಮತ್ತೇನಾದರೂ ಆದೀತೆಂಬ ಭಯಕ್ಕೋ, ಅಂತೂ ಬೇರೆ ಕರೆದರು. ಆದರೆ ಚೆಲ್ಲಲಿಲ್ಲ, ಎಳೆಗರುವಿನ ಮುಂದೆ ಇಟ್ಟರು. ಅಂಥ ಹಾಲು ಕುಡಿದ ಕರುವಿನ ಹೊಟ್ಟೆಯಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಸಗಣಿಯಲ್ಲಿ ಹೊರಗೆ ಬರುತ್ತವೆ ಎಂದು ಓದಿದ್ದೆ. ಆ ಸಗಣಿ ಬಂದು ಬೀಳುವುದು ನನ್ನ ಕಿಟಕಿಯ ಕೆಳಗೆ.

"ಕರೂಗೂ ಕುಡಿಸ್ಬಾರ್ದು ಅದನ್ನ," ಎಂದೆ.

ಭಾವ ಬಕೆಟ್ಟು ಹಿಡಿದುಕೊಂಡೇ ತಿರುಗಿದರು. ಜಗುಲಿಯ ಕಡೆ ನೋಡಿ, "ಅವ್ವ, ಈ ಗ್ವಾಡೆ ಇನ್ನೂ ನಾಕ್ ವರಸೆ ಎತ್ತರಕ್ಕೆ ಕಟ್ಬೇಕಾಗಿತ್ತು," ಎಂದರು.

ಕರು ಬಕೆಟ್ಟಿನೊಳಗೆ ಮೂತಿ ಇಟ್ಟು ಪೂರ್ತಿ ಕುಡಿಯಿತು. ನಾನು ಹಿಂಡಿದ ಬಟ್ಟೆ ಎತ್ತಿಕೊಂಡು ಒಳಗೆ ಬಂದೆ, ಎಂಟೂವರೆಯ ಬಸ್ಸಿಗೆ ಹೊತ್ತಾಗಿತ್ತು.