ಬಾಟಲಿ ಹಿಡಿದು ಬಂದ ಅತಿಥಿಗಳು

ಹೆಣ್ಣು ನೋಡಲು ಬಂದವರಿಗೆ ಹುಡುಗಿ ಕಾಫಿ ಕೊಡುವುದು ವಾಡಿಕೆ. ನಮ್ಮ ಹುಡುಗಿ ಆ ಹೊತ್ತಿಗೆ ಬಚ್ಚಲಲ್ಲಿ ಮೂತ್ರ ಕೊಡುತ್ತಿದ್ದಳು.

ನಗಬೇಡಿ. ನಡೆದದ್ದನ್ನೇ ಹೇಳುತ್ತಿದ್ದೇನೆ.

ಹುಡುಗಿ ಎಂದರೆ ಹಂಗಾರಕಟ್ಟೆಯಲ್ಲಿರುವ ನನ್ನ ತಂಗಿ ಸುಜಾತಳ ಮಗಳು ಚೈತ್ರಾ. ವೇಟ್‌ಲಿಫ್ಟರ್. ರಾಷ್ಟ್ರಮಟ್ಟದಲ್ಲಿ ಭಾರ ಎತ್ತುವವರ ಮನೆಗೆ ಡೋಪಿಂಗ್ ಪರೀಕ್ಷೆಯವರು ಹೇಳದೆ ಕೇಳದೆ ಬರುತ್ತಾರೆ. ಆ ಭಾನುವಾರವೂ ಬಂದರು. ಒಬ್ಬರು ಅಧಿಕಾರಿ, ಜೊತೆಗೊಬ್ಬ ಮಹಿಳೆ. ಇಬ್ಬರಿಗೂ ಕನ್ನಡ ಬಾರದು.

ಆ ಮಹಿಳೆಯ ಕೆಲಸ ಏನು ಗೊತ್ತೇ? ಚೈತ್ರಾ ಮೂತ್ರ ಮಾಡುವುದನ್ನು ಕಣ್ಣಾರೆ ನೋಡುವುದು. (ಬೇರೆಯವರದ್ದನ್ನು ತುಂಬಿಸಿ ಕೊಡುವ ಜಾಣರೂ ಇದ್ದಾರಂತೆ.) ಒಬ್ಬರು ನೋಡುತ್ತಾ ನಿಂತರೆ ಯಾರಿಗೆ ಬರುತ್ತದೆ? ಹುಡುಗಿ ಎಳನೀರು, ಮಜ್ಜಿಗೆ, ನೀರು ಎಲ್ಲ ಕುಡಿದಳು. ಕೊನೆಗೂ ಬಂತು. ಅಷ್ಟರಲ್ಲಿ ಅಂಗಳಕ್ಕೆ ಹುಡುಗನ ಕಡೆಯವರ ಕಾರೂ ಬಂತು.

ಹುಡುಗನದು ಬೈಂದೂರು ಕಡೆಯ ಮನೆತನ, ಮುಂಬೈಯಲ್ಲಿ ಹೋಟೆಲ್. ಅಂಗಿಯ ತೋಳು ಹರಿಯುವಂಥ ಮೈಕಟ್ಟು. ಫೋಟೋ ನೋಡಿದಾಗಲೇ ಸುಜಾತಳಿಗೆ ಒಪ್ಪಿಗೆಯಾಗಿತ್ತು. ಇವರೆಲ್ಲ ಯಾರು ಎಂದು ಹುಡುಗನ ತಾಯಿ ಕೇಳಿದಾಗ ಅವಳು ಗಾಬರಿಯಲ್ಲಿ ಬ್ಯಾಂಕಿನವರು ಎಂದುಬಿಟ್ಟಳು.

ಚೈತ್ರಾ ಹೊರಗೆ ಬಂದು ತಿದ್ದಿದಳು. "ಬ್ಯಾಂಕಿನವ್ರಲ್ಲ. ನಾನ್ ಮದ್ದ್ ತಕಂತ್ನಾ ಅಂದೇಳಿ ಕಾಂಬುಕೆ ಬಂದದ್."

ಹುಡುಗನ ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ಅಧಿಕಾರಿಯದು ಬೇರೆ ಚಿಂತೆ: ಮೂತ್ರ ತೀರಾ ನೀರಾಗಿದೆ, ಲ್ಯಾಬಿಗೆ ನಡೆಯುವುದಿಲ್ಲ, ಇನ್ನೊಮ್ಮೆ ಕೊಡಬೇಕು. ಅಲ್ಲಿಯವರೆಗೆ ಆ ಮಹಿಳೆ ಚೈತ್ರಾಳನ್ನು ಬಿಟ್ಟು ಕದಲುವಂತಿಲ್ಲ.

ಹಾಗಾಗಿ ಹುಡುಗ ಹುಡುಗಿ ಮಾತಾಡಲೆಂದು ಹಿತ್ತಿಲಿಗೆ ಹೋದಾಗ ಮೂರನೆಯವರಾಗಿ ಆ ಮಹಿಳೆಯೂ ಹೋದರು. ಅದು ಚೆನ್ನಾಗಿರದು ಎಂದು ನಾಲ್ಕನೆಯವಳಾಗಿ ನಾನು.

ಹುಡುಗ ಮೊದಲು ಕೇಳಿದ್ದೇ ಪರೀಕ್ಷೆಯ ಬಗ್ಗೆ. ಸ್ನಾಯು ಬೆಳೆಸುವ ಟೆಸ್ಟೋಸ್ಟೆರಾನ್ ಹಾರ್ಮೋನ್ ಎಲ್ಲರ ಮೈಯಲ್ಲೂ ಇರುವಂಥದ್ದೇ, ಹೊರಗಿನಿಂದ ಚುಚ್ಚಿಸಿಕೊಂಡದ್ದು ಲ್ಯಾಬಿನವರಿಗೆ ಹೇಗೆ ತಿಳಿಯುತ್ತದೆ ಎಂದ. ಚೈತ್ರಾ ಬಿಡಿಸಿ ಹೇಳಿದಳು. ಅದರ ಜೋಡಿ ಹಾರ್ಮೋನ್ ಒಂದಿದೆ, ಎರಡರ ಪ್ರಮಾಣ ಹೋಲಿಸುತ್ತಾರೆ. ಅವಳದೇ ಹಳೆಯ ಸ್ಯಾಂಪಲ್‌ಗಳ ಜೊತೆಗೂ ಇಟ್ಟು ನೋಡುತ್ತಾರೆ. ಅನುಮಾನ ಬಂದರೆ ಕಾರ್ಬನ್ ಪರೀಕ್ಷೆ. ಔಷಧಿಯನ್ನು ಸಾಮಾನ್ಯವಾಗಿ ಸೋಯಾದಂಥ ಗಿಡಗಳಿಂದ ಮಾಡುತ್ತಾರೆ, ಅದರ ಕಾರ್ಬನ್ ನಮ್ಮ ಮೈ ತಾನೇ ಮಾಡಿಕೊಂಡದ್ದಕ್ಕಿಂತ ತುಸು ಬೇರೆ ಇರುತ್ತದಂತೆ.

ಹುಡುಗ ತಗ್ಗಿದ ದನಿಯಲ್ಲಿ ಕೇಳಿದ, "ಇಂಜೆಕ್ಷನ್ ನಿಲ್ಸಿರೆ ಎಷ್ಟ್ ತಿಂಗ್ಳ್ ತನ್ಕ ಗೊತ್ತಾತ್ತ್?"

ಚೈತ್ರಾ ಅವನ ತೋಳನ್ನೊಮ್ಮೆ ನೋಡಿದಳು. "ನಿಮ್ಗೆ ಯಾರೂ ಬಾಟ್ಲಿ ಹಿಡ್ಕಂಡ್ ಬಪ್ಪುದಿಲ್ಲೆ. ಮತ್ತೆಂತಕೆ ಹೆದ್ರಿಕೆ?"

ಅವನು ತಲೆ ತಗ್ಗಿಸಿ ಹೇಳಿಕೊಂಡ. ಜಿಮ್ಮಿನಲ್ಲಿ ಯಾರೋ ಅಭ್ಯಾಸ ಮಾಡಿಸಿದ್ದು. ನಿಲ್ಲಿಸಿದರೆ ಮೈ ಸೋಲುತ್ತದೆ, ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ. ಮದುವೆಯಾದರೆ ಮಕ್ಕಳಾಗುತ್ತವೋ ಇಲ್ಲವೋ ಎಂಬ ಭಯ. ಮನೆಯಲ್ಲಿ ಯಾರಿಗೂ ತಿಳಿಯದು. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು.

"ಡಾಕ್ಟ್ರಿಗೆ ತೋರ್ಸಿ," ಎಂದಳು ಚೈತ್ರಾ. "ನಾನ್ ಯಾರ್ ಹತ್ರೂ ಹೇಳುದಿಲ್ಲೆ."

ವಾರದಲ್ಲಿ ಮದುವೆ ದಲ್ಲಾಳಿಯ ಫೋನ್. ಸಂಬಂಧ ಬೇಡವಂತೆ. ಹುಡುಗಿ ಎಂಥದೋ ಡ್ರಗ್ಸ್ ಕೇಸಿನಲ್ಲಿ ಇದ್ದಾಳಂತೆ! ಆ ಮಾತು ಸಾಸ್ತಾನ ದಾಟಿ ಕುಂದಾಪುರದ ನನ್ನ ಬೀದಿಗೂ ಬಂತು. ಸುಜಾತ ಅಳುತ್ತಾ ಭಾರ ಎತ್ತುವುದನ್ನೇ ಬಿಟ್ಟುಬಿಡು ಎಂದು ಮಗಳ ಹತ್ತಿರ ಹಟ ಹಿಡಿದಳು. ನನಗೆ ತಡೆಯಲಾಗಲಿಲ್ಲ. ಹುಡುಗನ ವಿಷಯ ಹೇಳಿಬಿಡೋಣವೆಂದು ಬಾಯಿ ತೆರೆದೆ. ಚೈತ್ರಾ ನನ್ನನ್ನು ಒಳಗೆ ಕರೆದಳು.

"ಅವ್ರ್ ನಂಬಿ ಹೇಳಿದ್ದ್, ದೊಡ್ಡಮ್ಮ. ನಾವ್ ಹೇಳೂಕಾಗ."

ಒಂದೇ ಮಾತಿನಿಂದ ಅವಳ ಹೆಸರು ಉಳಿಯುತ್ತಿತ್ತು. ಆಡಲಿಲ್ಲ. ದಿನವೂ ಪ್ರಾಕ್ಟೀಸಿಗೆ ಹೋದಳು, ಬಂದಳು. ರಿಪೋರ್ಟ್ ನೆಗೆಟಿವ್ ಎಂದು ಬಂತು. ಆದರೆ ಊರಿನ ಯಾರೂ ಆ ಸುದ್ದಿಯನ್ನು ಇನ್ನೊಬ್ಬರಿಗೆ ದಾಟಿಸಲಿಲ್ಲ. ನೆಗೆಟಿವ್ ಸುದ್ದಿಯನ್ನು ಹೊತ್ತು ತಿರುಗಲು ಯಾರಿಗೆ ಪುರುಸೊತ್ತು?

ಕೆಲವು ತಿಂಗಳ ಮೇಲೆ ಆ ಹುಡುಗನೇ ಸುಜಾತಳಿಗೆ ಫೋನ್ ಮಾಡಿದ. ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ, ಅಪ್ಪ ಅಮ್ಮನಿಗೂ ಹೇಳಿದ್ದೇನೆ, ನಿಮ್ಮ ಮಗಳದ್ದು ಏನೂ ತಪ್ಪಿಲ್ಲ ಎಂದನಂತೆ. ನಾನು ಪತ್ರಿಕೆಗೆ ಬರೆಯುವವಳೆಂದು ತಿಳಿದು ನನಗೂ ಮಾಡಿದ. ನನ್ನ ಹೆಸರು ಹಾಕದೆ ಇದನ್ನು ಬರೆಯಿರಿ, ನನ್ನಂಥವರು ಓದಲಿ ಎಂದ. ಮದುವೆ? ಅದಾಗಲಿಲ್ಲ. ಇಬ್ಬರೂ ಮತ್ತೆ ಆ ಮಾತೆತ್ತಿಲ್ಲ. ಆದರೆ ಫೋನಿಟ್ಟ ಮೇಲೆ ಆ ಹುಡುಗನ ಬಗ್ಗೆ ನನಗಿದ್ದ ಸಿಟ್ಟು ಮಾತ್ರ ಇಳಿದಿತ್ತು.

ಊರಿನ ಬಾಯಿ ಇನ್ನೂ ನಿಂತಿಲ್ಲ. ಮೊನ್ನೆ ಬ್ರಹ್ಮಾವರದ ಒಂದು ಮದುವೆ ಊಟದಲ್ಲಿ, ಮಗನಿಗೆ ಹೆಣ್ಣು ಹುಡುಕುತ್ತಿದ್ದ ಪಕ್ಕದ ಎಲೆಯ ಹೆಂಗಸು ಪಿಸುಗುಟ್ಟಿದರು, ನಿಮ್ಮ ತಂಗಿಯ ಮಗಳಿಗೆ ಡ್ರಗ್ಸ್ ಟೆಸ್ಟ್ ಮಾಡಿದ್ದರಂತಲ್ಲ?

"ಹೌದ್, ಪಾಸಾಯ್ತ್," ಎಂದೆ. "ನಿಮ್ ಮಗಂಗೆ ಯಾರಾರೂ ಮಾಡಿರಾ?"