ಬಂಡೆ ತಟ್ಟದ ನಾಯಕ

ಗಣಿಯ ಚಿತ್ರ ತೆಗೆಯುವ ನಿರ್ಮಾಪಕರು ಕಲ್ಲಿದ್ದಲು ಕೆಲಸಗಾರನ ಮುಖಕ್ಕೆ ಮಸಿ ಬಳಿದು ತೋರಿಸಿದ್ದಾರೆ. ಅವನ ಕೆಲಸವನ್ನು ಮಾತ್ರ ಮರೆಮಾಚಿದ್ದಾರೆ. ಇದು ನನ್ನ ನೇರ ಆರೋಪ.

ಇಂದು ಬೆಳಿಗ್ಗೆ ಜಯನಗರದ ಗೋಡೆಯೊಂದರ ಮೇಲೆ ಅಂಥದೇ ಇನ್ನೊಂದು ಚಿತ್ರದ ಪೋಸ್ಟರ್ ಕಂಡೆ. ಅಂಟು ಇನ್ನೂ ಹಸಿಯಾಗಿತ್ತು. ಹಣೆಗೆ ದೀಪ ಕಟ್ಟಿಕೊಂಡ ನಾಯಕ ನಗುತ್ತಿದ್ದ. ಓದುಗರೇ, ನನಗೆ ಮುನಿಯಪ್ಪ ನೆನಪಾದರು.

ಸುದ್ದಗುಂಟೆಪಾಳ್ಯದಲ್ಲಿ ಅವರದು ನಮ್ಮ ಪಕ್ಕದ ಮನೆ. ಹೆಂಡತಿ ನಂಜಮ್ಮನನ್ನು ಊರಲ್ಲೇ ಬಿಟ್ಟು, ತೆಲುಗು ಸೀಮೆಯ ಕಲ್ಲಿದ್ದಲು ಗಣಿಯಲ್ಲಿ ವರ್ಷಗಟ್ಟಲೆ ದುಡಿದು, ಕೆಮ್ಮು ಹೊತ್ತು ಮರಳಿದ್ದರು. ದಿನವೂ ಎಲ್ಲರಿಗಿಂತ ಮೊದಲು ಸುರಂಗಕ್ಕೆ ಹೋಗಿ, ತಲೆಯ ಮೇಲಿನ ಬಂಡೆಯನ್ನು ಸಲಾಕೆಯಿಂದ ತಟ್ಟಿ, ಸದ್ದಿಗೆ ಕಿವಿಗೊಡುವುದು ಅವರ ಕೆಲಸ. ಗಂಟೆಯಂತೆ ಮೊಳಗಿದರೆ ಬಂಡೆ ಗಟ್ಟಿ. ಡೋಲಿನಂತೆ ಬದ್ ಎಂದು ಸದ್ದಾದರೆ ಬಂಡೆ ಸಡಿಲ, ಯಾರೂ ಒಳಗೆ ಕಾಲಿಡುವಂತಿಲ್ಲ. ಇದನ್ನು ಜಗಲಿಯ ಮೇಲೆ ಕೂತು ನನಗೆ ಹೇಳಿದ್ದರು. ಹೆದರಿಯಾಳೆಂದು ಹೆಂಡತಿಗೆ ಹೇಳಿರಲಿಲ್ಲ.

ಟೆಂಟ್ ಟಾಕೀಸಿಗೆ ಗಣಿಯ ಚಿತ್ರ ಬಂದಾಗ ಮಾತ್ರ ಅವರಿಗೆ ಉತ್ಸಾಹ ಬಂತು. "ಬಾರೇ, ನಾನೇನ್ ಮಾಡ್ತಿದ್ದೆ ಅಂತ ಕಣ್ಣಾರೆ ನೋಡು" ಎಂದು ನಂಜಮ್ಮನನ್ನು ಹೊರಡಿಸಿದರು. ಜೊತೆಗೆ ನಾನೂ ಹೋದೆ.

ತೆರೆಯ ಮೇಲೆ ನಾಯಕ ಹಾಡುತ್ತಾ ಬಂದು ಪಿಕಾಸಿ ಎತ್ತಿ ಹೊಡೆದೇಬಿಟ್ಟ.

"ಅಲ್ಲಪ್ಪ, ತಟ್ಟಿ ನೋಡ್ಲೇ ಇಲ್ವಲ್ಲ" ಎಂದರು ಮುನಿಯಪ್ಪ, ಗಟ್ಟಿಯಾಗಿ.

ಹಿಂದಿನಿಂದ ಯಾರೋ, "ಯಜಮಾನ್ರೇ, ನೀವೇ ಡೈರೆಕ್ಟ್ರಾ? ಪಿಚ್ಚರ್ ನೋಡಕ್ ಬಿಡಿ" ಎಂದ. ನಗು ಹರಡಿತು.

ಕಾರ್ಮಿಕರ ಹಕ್ಕಿನ ಬಗ್ಗೆ ಕಾಲೇಜಿನಲ್ಲಿ ಭಾಷಣ ಬಿಗಿದು ಬಹುಮಾನ ಗೆದ್ದಿದ್ದ ನಾನು, ಟೆಂಟಿನ ಮರಳ ಮೇಲೆ ಕೂತ ನಾಲ್ವರ ನಗುವಿಗೆ ನಾಚಿ, ಮುನಿಯಪ್ಪನವರ ತೋಳು ಹಿಡಿದೆ. "ಸುಮ್ನಿರಿ ಮಾವ, ಬರೀ ಸಿನಿಮಾ."

ಅವರು ತಲೆ ತಗ್ಗಿಸಿ ಕೂತರು.

ದಾರಿಯಲ್ಲಿ ನಂಜಮ್ಮ ನಕ್ಕರು. "ಇಷ್ಟೇನಾ? ಹಾಡು ಹೇಳ್ಕೊಂಡು ಅಗೀತಿದ್ರಾ? ನಾನಿಲ್ಲಿ ಸುಮ್ನೆ ದಿಗಿಲು ಬಿದ್ದಿದ್ದೆ."

"ಹೂಂ ಕಣೇ, ಅಷ್ಟೇ."

ನಿಜ ಬಲ್ಲ ನಾನು ಪಕ್ಕದಲ್ಲೇ ನಡೆಯುತ್ತಿದ್ದೆ, ಬಾಯಿ ಬಿಡಲಿಲ್ಲ. ಮುನಿಯಪ್ಪ ಮತ್ತೆಂದೂ ಗಣಿಯ ಮಾತೆತ್ತಲಿಲ್ಲ. ಹೋದ ವರ್ಷ ತೀರಿಕೊಂಡರು.

ಇಂದು ಪೋಸ್ಟರಿನ ಮುಂದಿನಿಂದ ನೇರವಾಗಿ ನಂಜಮ್ಮನ ಮನೆಗೆ ನಡೆದು ಎಲ್ಲವನ್ನೂ ಹೇಳಿದೆ. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು.

"ಅವರು ಇದ್ದಾಗ್ಲೇ ಹೇಳ್ಬಾರ್ದಿತ್ತೇನಪ್ಪ? ನಾನು ನಕ್ಬಿಟ್ನಲ್ಲ."

ನನ್ನ ತಪ್ಪನ್ನು ಇಲ್ಲಿ ಒಪ್ಪಿಕೊಂಡಿದ್ದೇನೆ. ಮಾನ್ಯ ನಿರ್ಮಾಪಕರೇ, ಬಿಡುಗಡೆಗೆ ಮುನ್ನ ನಿಮ್ಮ ಚಿತ್ರವನ್ನು ಗಣಿ ಕೆಲಸಗಾರರಿಗೆ ತೋರಿಸಿ, ಅವರು ತಪ್ಪೆಂದದ್ದನ್ನು ತಿದ್ದಬೇಕೆಂದು ಕೋರುತ್ತೇನೆ. ಆಗದಿದ್ದರೆ, ಏಕೆ ಆಗದೆಂದು ನಂಜಮ್ಮನವರಿಗೆ ಲಿಖಿತವಾಗಿ ತಿಳಿಸಿ. ಅವರಿಗೆ ಓದಿ ಹೇಳುವ ಹೊಣೆ ನನ್ನದು.